ಡೋಸ್ ಎಷ್ಟು, ಎಷ್ಟು ವಾರ, ನುಂಗಿದ್ದು ನಿಜವೇ

ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿಗಳು ಕೇಳಿಸಿ ಇಲ್ಲದ ಸಂಶಯಗಳು ಕಾಡುವ ಮನೋರೋಗ, ಇದೆಯೆಂದು ತಿಳಿದು ಆರು ವರ್ಷ ಕಳೆದ ಮೇಲೆ ನಾವು ಕಂಡ ಮನೋವೈದ್ಯೆ, ನಾನು ಮೇಜಿನ ಮೇಲಿಟ್ಟ ದಪ್ಪನೆಯ ಕಡತವನ್ನು ಬಿಚ್ಚಿಯೂ ನೋಡದೆ ಪಕ್ಕಕ್ಕೆ ಸರಿಸಿ ಮೂರೇ ಪ್ರಶ್ನೆ ಕೇಳಿದರು. ಇದುವರೆಗೆ ಕೊಟ್ಟ ಒಂದೊಂದು ಔಷಧವೂ ಎಷ್ಟು ಮಿಲಿಗ್ರಾಂವರೆಗೆ ಏರಿತ್ತು, ಆ ಡೋಸಿನಲ್ಲಿ ಎಷ್ಟು ವಾರ ನಿಂತಿತ್ತು, ಆ ವಾರಗಳಲ್ಲಿ ಅವನು ಅದನ್ನು ನಿಜವಾಗಿ ನುಂಗಿದ್ದನೇ. ಔಷಧಗಳ ಹೆಸರು ನನಗೆ ಬಾಯಿಪಾಠವಾಗಿತ್ತು; ರಿಸ್ಪೆರಿಡೋನ್, ಒಲಾಂಜಪಿನ್, ಹ್ಯಾಲೋಪೆರಿಡಾಲ್, ಅರಿಪಿಪ್ರಜೋಲ್, ಕ್ವೆಟಿಯಾಪಿನ್, ಅಮಿಸಲ್‌ಪ್ರೈಡ್ ಎಂದು ಒಂದೇ ಉಸಿರಿಗೆ ಹೇಳಿದೆ. ಆದರೆ ಅವರು ಕೇಳಿದ ಮೂರರಲ್ಲಿ ಒಂದಕ್ಕೂ ನೆಟ್ಟಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಕಡತದಲ್ಲಿ ಎಲ್ಲವೂ ಇತ್ತು, ಈ ಮೂರು ಮಾತ್ರ ಇರಲಿಲ್ಲ. ಅಂದು ಸಂಜೆ ಒಂದು ನೋಟುಬುಕ್ಕು ತೆಗೆದುಕೊಂಡು ಅದರಲ್ಲಿ ಮೂರು ಅಂಕಣ ಎಳೆದು, ಹಳೆಯ ಚೀಟಿಗಳನ್ನೆಲ್ಲ ನೆಲದ ಮೇಲೆ ತಾರೀಖಿನ ಪ್ರಕಾರ ಹರಡಿಕೊಂಡು ಕುಳಿತೆ.

ಆ ಚೀಟಿಗಳು ಹೇಳಿದ ಕಥೆ ನಾನು ನಂಬಿಕೊಂಡಿದ್ದ ಕಥೆಯಾಗಿರಲಿಲ್ಲ. ಆರು ಔಷಧಗಳೂ ಅವನಿಗೆ ನಾಟಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ನಿಜದಲ್ಲಿ ನಡೆದದ್ದು ಹೀಗೆ. ಮೊದಲು ರಿಸ್ಪೆರಿಡೋನ್ 2 ಮಿಲಿಗ್ರಾಂನಿಂದ ಶುರುವಾಗಿ 4ಕ್ಕೆ ಏರಿತು, ಏರಿದ ಮೂರನೆಯ ವಾರ ಅವನ ಕೈ ನಡುಗತೊಡಗಿ ಮುಖದ ಚಲನೆಯೇ ನಿಂತಂತಾಯಿತು, ನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಸೇರಿಸಿದರು, ಐದನೆಯ ವಾರಕ್ಕೆ ಔಷಧವನ್ನೇ ಬದಲಿಸಿದರು. ಒಲಾಂಜಪಿನ್ 10 ಮಿಲಿಗ್ರಾಂನಲ್ಲಿ ಏಳು ತಿಂಗಳು ನಡೆಯಿತು, ಅದಕ್ಕಿಂತ ಮೇಲೆ ಏರಲೇ ಇಲ್ಲ. ತೂಕ 14 ಕಿಲೋ ಏರಿದಾಗ ಅದೂ ನಿಂತಿತು. ಹ್ಯಾಲೋಪೆರಿಡಾಲ್ ಸಿಕ್ಕಿದ್ದು ಒಂದು ರಾತ್ರಿಯ ತುರ್ತು ದಾಖಲಾತಿಯಲ್ಲಿ, ಚುಚ್ಚುಮದ್ದಿನ ರೂಪದಲ್ಲಿ. ಮರುದಿನ ಅವನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು ಸೆಟೆದು ನಿಂತದ್ದನ್ನು ಕಂಡು ಅಮ್ಮ ಆ ಹೆಸರನ್ನೇ ಮತ್ತೆ ಎತ್ತಬಾರದೆಂದಳು. ಅರಿಪಿಪ್ರಜೋಲ್ ಮೂರು ವಾರ. ಕ್ವೆಟಿಯಾಪಿನ್ ಬೇರೊಂದರ ಜೊತೆಗೆ, ನಿದ್ರೆಗೆಂದು, ಸಣ್ಣ ಡೋಸಿನಲ್ಲಿ. ಅಮಿಸಲ್‌ಪ್ರೈಡ್ ಎರಡು ತಿಂಗಳು ಎಂದು ಚೀಟಿ ಹೇಳುತ್ತಿತ್ತು, ಆದರೆ ಆ ಎರಡು ತಿಂಗಳ ಕಥೆ ಬೇರೆಯೇ ಇತ್ತು.

ಆ ಕಥೆ ಗೊತ್ತಾದದ್ದು ಕಪಾಟು ಖಾಲಿ ಮಾಡುವಾಗ. ಅವನು ಹಾಕಿಕೊಳ್ಳುವುದನ್ನು ಬಿಟ್ಟಿದ್ದ ಒಂದು ದಪ್ಪ ಅಂಗಿಯನ್ನು ಕೊಡವಿದಾಗ ಒಳಜೇಬಿನಿಂದ ಮಾತ್ರೆಗಳು ಕಾಳಿನಂತೆ ನೆಲಕ್ಕೆ ಉದುರಿದವು. ಕೆಲವು ಇಡಿಯಾಗಿದ್ದವು, ಕೆಲವು ಬಾಯಲ್ಲಿ ಸ್ವಲ್ಪ ಹೊತ್ತು ಇದ್ದು ಮೇಲ್ಪದರ ಕರಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಎಣಿಸಿದೆ: 83. ನಾನು ದಿನವೂ ನೀರಿನ ಲೋಟ ಹಿಡಿದು ಎದುರು ನಿಂತು ಕೊಟ್ಟ ಮಾತ್ರೆಗಳು ಅವು. ನನಗೆ ಬಂದ ಸಿಟ್ಟನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಅವನನ್ನು ಕರೆದು ನೆಲ ತೋರಿಸಿದಾಗ ಅವನು ಸುಳ್ಳು ಹೇಳಲಿಲ್ಲ. “ಅಕ್ಕ, ನುಂಗಿದರೆ ಕೂತಲ್ಲಿ ಕೂರೋಕೆ ಆಗಲ್ಲ, ನಿಂತಲ್ಲಿ ನಿಲ್ಲೋಕೆ ಆಗಲ್ಲ. ಕಾಲು ನನ್ನ ಮಾತೇ ಕೇಳಲ್ಲ. ಆ ದನಿ ಬೈದರೂ ಬೈಕೊಳ್ಳಲಿ, ಕಾಲು ನಂದಾಗಿದ್ದರೆ ಸಾಕು” ಎಂದ. ವೈದ್ಯಕೀಯ ಪುಸ್ತಕಗಳು ಅಕಥಿಸಿಯಾ ಎಂದು ಕರೆಯುವ ಈ ತಳಮಳವನ್ನು ನಾವು ಅವನ ಕಾಯಿಲೆಯ ಉದ್ವೇಗವೆಂದೇ ತಿಳಿದು, ಅದಕ್ಕಾಗಿ ಔಷಧವನ್ನು ಇನ್ನಷ್ಟು ಹೆಚ್ಚಿಸಿ ಎಂದು ಹಿಂದಿನ ವೈದ್ಯರನ್ನು ಕೇಳಿಕೊಂಡಿದ್ದೆವು. ಡೋಸ್ ಏರಿಸಿದಷ್ಟೂ ತಳಮಳ ಏರುತ್ತಿತ್ತು, ತಳಮಳ ಏರಿದಷ್ಟೂ ಮಾತ್ರೆ ಜೇಬಿಗೆ ಹೋಗುತ್ತಿತ್ತು.

ಈ ಎಲ್ಲವನ್ನೂ ಬರೆದುಕೊಂಡು ಹೋದ ನೋಟುಬುಕ್ಕನ್ನು ಮನೋವೈದ್ಯೆ ನಿಧಾನವಾಗಿ ಓದಿದರು. ಆಮೇಲೆ ಹೇಳಿದ್ದು ಇಷ್ಟು: “ಇವರ ಕಾಯಿಲೆ ಔಷಧಕ್ಕೆ ಬಗ್ಗಿಲ್ಲವೋ, ಔಷಧವೇ ಇವರಿಗೆ ಸಿಕ್ಕಿಲ್ಲವೋ ಅನ್ನುವುದು ಈ ಆರು ವರ್ಷಗಳಿಂದ ಗೊತ್ತಾಗುವ ಹಾಗಿಲ್ಲ. ಮೊದಲು ಅದನ್ನು ತಿಳಿಯೋಣ.” ಚಿಕಿತ್ಸೆಗೆ ಬಗ್ಗದ ಸ್ಕಿಜೋಫ್ರೀನಿಯಾ ಎನ್ನಲು ಒಂದು ಅಳತೆ ಇದೆಯೆಂದು ನನಗೆ ತಿಳಿದದ್ದೇ ಅಂದು. 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿದ ಮಾನದಂಡದ ಪ್ರಕಾರ, ಕನಿಷ್ಠ ಎರಡು ಬೇರೆ ಬೇರೆ ಔಷಧಗಳನ್ನು ಸಾಕಷ್ಟು ಡೋಸಿನಲ್ಲಿ, ಒಂದೊಂದನ್ನೂ ಕನಿಷ್ಠ ಆರು ವಾರ ಕೊಟ್ಟಿರಬೇಕು, ಬರೆದುಕೊಟ್ಟ ಡೋಸುಗಳಲ್ಲಿ ಶೇ. 80ರಷ್ಟಾದರೂ ಹೊಟ್ಟೆಗೆ ಹೋಗಿರಬೇಕು, ಅಷ್ಟಾದ ಮೇಲೂ ಲಕ್ಷಣಗಳು ಶೇ. 20ರಷ್ಟೂ ಇಳಿಯದಿರಬೇಕು. ಈ ಜರಡಿಯಲ್ಲಿ ನಮ್ಮ ಆರು ಔಷಧಗಳನ್ನು ಹಾಕಿದರೆ ಮೇಲೆ ಉಳಿದದ್ದು ಒಂದೂ ಇಲ್ಲ. ಒಲಾಂಜಪಿನ್ ಮಾತ್ರ ಅರ್ಧಂಬರ್ಧ ಸಿಕ್ಕಿಕೊಂಡಿತು. ಸ್ಕಿಜೋಫ್ರೀನಿಯಾ ಇರುವವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಸಾಮಾನ್ಯ ಔಷಧಗಳು ಸಾಕಾಗುವುದಿಲ್ಲ ಎಂಬುದು ನಿಜ. ಆದರೆ ಆ ಮೂರರಲ್ಲೊಬ್ಬ ನನ್ನ ತಮ್ಮನೇ ಎಂದು ತೀರ್ಮಾನಿಸುವ ಹಕ್ಕು ನಮಗೆ ಇನ್ನೂ ಬಂದಿರಲಿಲ್ಲ.

ಅಲ್ಲಿಯವರೆಗೆ ನಾನು ಮಾಡುತ್ತಿದ್ದ ಹೋಲಿಕೆಯ ಬಗ್ಗೆಯೂ ಇಲ್ಲಿ ಹೇಳಬೇಕು. ಯಾವ ಔಷಧ ಯಾವುದಕ್ಕಿಂತ ಮೇಲು ಎಂದು ಹುಡುಕುವುದು ನನಗೆ ಒಂದು ಚಟವಾಗಿಬಿಟ್ಟಿತ್ತು. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 212 ಅಧ್ಯಯನಗಳನ್ನು ಒಟ್ಟುಗೂಡಿಸಿ, 43,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿಂದ 15 ಔಷಧಗಳನ್ನು ಸಾಲಾಗಿ ನಿಲ್ಲಿಸಿದೆ. ಪರಿಣಾಮದಲ್ಲಿ ಕ್ಲೋಜಪಿನ್ ಮೊದಲು, ಅದರ ಹಿಂದೆ ಅಮಿಸಲ್‌ಪ್ರೈಡ್, ಒಲಾಂಜಪಿನ್, ರಿಸ್ಪೆರಿಡೋನ್. ಆ ಸಾಲನ್ನು ನಾನು ಓಟದ ಫಲಿತಾಂಶದಂತೆ ಓದಿದ್ದೆ. ಎರಡನೆಯ ಸಲ, ನಿಧಾನವಾಗಿ ಓದಿದಾಗ ಕಂಡದ್ದು ಬೇರೆ: ಕ್ಲೋಜಪಿನ್ ಬಿಟ್ಟರೆ ಮಿಕ್ಕವುಗಳ ನಡುವೆ ಗುಣದ ಅಂತರ ಬಹಳ ಸಣ್ಣದು, ಅಡ್ಡಪರಿಣಾಮದ ಅಂತರ ಬಹಳ ದೊಡ್ಡದು. ತೂಕ ಏರಿಸುವುದರಲ್ಲಿ ಒಲಾಂಜಪಿನ್ ಎಲ್ಲರಿಗಿಂತ ಮುಂದೆ, ಹ್ಯಾಲೋಪೆರಿಡಾಲ್ ಎಲ್ಲರಿಗಿಂತ ಹಿಂದೆ. ಬಿಗಿತ ನಡುಕಗಳಲ್ಲಿ ಹ್ಯಾಲೋಪೆರಿಡಾಲ್ ಮುಂದೆ, ಕ್ಲೋಜಪಿನ್ ಹಿಂದೆ. ಪ್ರೊಲಾಕ್ಟಿನ್ ಹಾರ್ಮೋನನ್ನು ಏರಿಸುವುದರಲ್ಲಿ ಪಾಲಿಪೆರಿಡೋನ್ ಮುಂದೆ, ಅರಿಪಿಪ್ರಜೋಲ್ ಹಿಂದೆ. ಮಂಪರಿನಲ್ಲಿ ಕ್ಲೋಜಪಿನ್‌ನದ್ದೇ ಮೊದಲ ಸ್ಥಾನ. ಅಂದರೆ ಆಯ್ಕೆ ಎಂಬುದು ಬಹುಮಟ್ಟಿಗೆ, ಈ ಮನುಷ್ಯ ಯಾವ ಕಷ್ಟವನ್ನು ಸಹಿಸಿಕೊಂಡು ಔಷಧವನ್ನು ಬಿಡದೆ ಮುಂದುವರಿಸಬಲ್ಲ ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ಅವನಿಗೇ ಕೇಳಬೇಕಾಗಿತ್ತು; ನಾನು ಪಟ್ಟಿಯನ್ನು ಕೇಳುತ್ತಿದ್ದೆ. ಇನ್ನೊಂದು ಸಂಗತಿಯನ್ನು ನಾನು ಗಮನಿಸಿರಲೇ ಇಲ್ಲ: ಆ ವಿಶ್ಲೇಷಣೆಯಲ್ಲಿ ಚಿಕಿತ್ಸೆಗೆ ಬಗ್ಗದವರ ಅಧ್ಯಯನಗಳನ್ನು ಮೊದಲೇ ಹೊರಗಿಟ್ಟಿದ್ದರು.

2005ರಲ್ಲಿ ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನದ ಫಲಿತಾಂಶ ಬಂದಾಗ ಸುಮಾರು 1,500 ಜನರಲ್ಲಿ ಶೇ. 74 ಮಂದಿ 18 ತಿಂಗಳೊಳಗೆ ಮೊದಲು ಕೊಟ್ಟ ಔಷಧವನ್ನು ಬಿಟ್ಟಿದ್ದರು. ಈ ಅಂಕಿಯನ್ನು ಮನೋವೈದ್ಯೆ ನನಗೆ ಹೇಳಿದ್ದು ತಮ್ಮನ ಎದುರಿಗೇ. ಜೇಬಿನ ಮಾತ್ರೆಗಳ ವಿಷಯದಲ್ಲಿ ಅವನು ತಲೆ ತಗ್ಗಿಸಿ ಕೂತಿದ್ದವನು ಅದನ್ನು ಕೇಳಿ ಮೊದಲ ಬಾರಿಗೆ ತಲೆ ಎತ್ತಿದ.

ಹಾಗಾಗಿ ಎರಡು ಪ್ರಯೋಗಗಳನ್ನು ಮೊದಲಿನಿಂದ, ಲೆಕ್ಕವಿಟ್ಟು ಮಾಡುವುದೆಂದು ತೀರ್ಮಾನವಾಯಿತು. ಶುರುವಿನಲ್ಲೇ ಮೂವತ್ತು ಅಂಶಗಳ ಪ್ಯಾನ್ಸ್ ಅಳತೆಯಲ್ಲಿ ಅವನ ಲಕ್ಷಣಗಳನ್ನು ಗುರುತಿಸಿದರು: ಒಂದೊಂದು ಅಂಶಕ್ಕೂ 1ರಿಂದ 7ರವರೆಗೆ ಅಂಕ, ಒಟ್ಟು 104 ಬಂತು. ಇಲ್ಲಿ ಒಂದು ಸಣ್ಣ ಲೆಕ್ಕದ ಸಂಗತಿ. ಯಾವ ಲಕ್ಷಣವೂ ಇಲ್ಲದವನಿಗೂ ಈ ಅಳತೆಯಲ್ಲಿ 30 ಅಂಕ ಬಂದೇ ಬರುತ್ತದೆ, ಆದ್ದರಿಂದ ಶೇಕಡಾ ಎಷ್ಟು ಇಳಿಯಿತು ಎಂದು ನೋಡುವಾಗ ಮೊದಲು ಆ 30ನ್ನು ಕಳೆಯಬೇಕು; ಕಳೆಯದಿದ್ದರೆ ಗುಣವಾದದ್ದು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಒಲಾಂಜಪಿನ್ ಅನ್ನು ಈ ಬಾರಿ 20 ಮಿಲಿಗ್ರಾಂಗೆ ಏರಿಸಿ, ಬಾಯಲ್ಲಿ ಕರಗುವ ಮಾತ್ರೆಯ ರೂಪದಲ್ಲಿ ಎಂಟು ವಾರ ಕೊಟ್ಟೆವು. 104 ಇದ್ದದ್ದು 95 ಆಯಿತು, ಎಂದರೆ ಶೇ. 12. ಆಮೇಲೆ ತಿಂಗಳಿಗೊಮ್ಮೆ ಸ್ನಾಯುವಿಗೆ ಕೊಡುವ ಪಾಲಿಪೆರಿಡೋನ್ ಚುಚ್ಚುಮದ್ದು, ನಾಲ್ಕು ತಿಂಗಳು. ಚುಚ್ಚುಮದ್ದಿನ ದೊಡ್ಡ ಗುಣವೆಂದರೆ ಅದರಲ್ಲಿ ಸಂಶಯಕ್ಕೆ ಜಾಗವಿಲ್ಲ. ನುಂಗಿದನೋ ಇಲ್ಲವೋ ಎಂದು ನಾನು ಅವನ ಕೆನ್ನೆಯನ್ನು ನೋಡುತ್ತ ನಿಲ್ಲಬೇಕಾಗಿರಲಿಲ್ಲ. ಆ ನಾಲ್ಕು ತಿಂಗಳು ನಾವಿಬ್ಬರೂ ಬಹಳ ದಿನಗಳ ಮೇಲೆ ಅಕ್ಕ ತಮ್ಮನ ಹಾಗೆ ಇದ್ದೆವು. ದನಿಗಳು ಮಾತ್ರ ಹಾಗೆಯೇ ಇದ್ದವು. ಅಂಕ 97. ಮೂರನೆಯ ಅಂಕಣದಲ್ಲಿ ಈಗ ‘ಹೌದು’ ಎಂದು ಬರೆಯಬಹುದಾಗಿತ್ತು, ಆದರೂ ಫಲವಿರಲಿಲ್ಲ. ಸೋಲು ಎಂಬುದು ಖಚಿತವಾದಾಗ ಒಂದು ಬಗೆಯ ನೆಮ್ಮದಿ ತರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇನ್ನೂ ಏಕೆ ಡೋಸ್ ಏರಿಸಬಾರದು ಎಂದು ಅಮ್ಮ ಕೇಳಿದಳು. ಅದಕ್ಕೆ ಬಂದ ಉತ್ತರ ನನಗೆ ಹಿಡಿಸಿತು. ಸಾಮಾನ್ಯ ಔಷಧಗಳೆಲ್ಲ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಹಿಡಿಯುವ ಗ್ರಾಹಿಗಳನ್ನು ಮುಚ್ಚುವ ಮೂಲಕ ಕೆಲಸ ಮಾಡುತ್ತವೆ, ಸುಮಾರು ಶೇ. 65ರಷ್ಟು ಮುಚ್ಚಿದರೆ ಗುಣ ಕಾಣುವ ಸಾಧ್ಯತೆ, ಶೇ. 80ರ ಹತ್ತಿರ ಹೋದರೆ ಬಿಗಿತ, ನಡುಕ, ತಳಮಳ. ಸಾಕಷ್ಟು ಮುಚ್ಚಿದ ಮೇಲೂ ದನಿ ನಿಲ್ಲದಿದ್ದರೆ ಇನ್ನಷ್ಟು ಮುಚ್ಚುವುದರಿಂದ ದಕ್ಕುವುದು ಅಡ್ಡಪರಿಣಾಮ ಮಾತ್ರ. ಹೀಗೆ ಬಗ್ಗದವರಲ್ಲಿ ಅನೇಕರಿಗೆ ಡೋಪಮಿನ್ ಹೆಚ್ಚಾಗಿರುವುದೇ ಇಲ್ಲವೆಂದು ಮಿದುಳಿನ ಚಿತ್ರಣಗಳು ತೋರಿಸಿವೆ. ಕ್ಲೋಜಪಿನ್ ಈ ಗ್ರಾಹಿಗಳನ್ನು ಅಷ್ಟಾಗಿ ಮುಚ್ಚದೆಯೇ ಕೆಲಸ ಮಾಡುವ ಔಷಧ. ಹೇಗೆ ಮಾಡುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ.

ಕ್ಲೋಜಪಿನ್ ಹೆಸರು ಕೇಳಿದಾಗ ನನಗೆ ಭಯವಾದದ್ದು ಸುಳ್ಳಲ್ಲ. 1975ರಲ್ಲಿ ಫಿನ್ಲೆಂಡಿನಲ್ಲಿ ಈ ಔಷಧ ತೆಗೆದುಕೊಂಡವರಲ್ಲಿ ಬಿಳಿರಕ್ತಕಣ ಕುಸಿದು 8 ಮಂದಿ ಸತ್ತರು, ಹಲವು ದೇಶಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಅದು ಮರಳಿ ಬಂದದ್ದು 1988ರ ಒಂದು ಅಧ್ಯಯನದಿಂದ: ಮೂರು ಔಷಧಗಳಿಗೂ ಬಗ್ಗದ 268 ರೋಗಿಗಳಲ್ಲಿ, ಆರು ವಾರಗಳಲ್ಲಿ, ಕ್ಲೋರ್‌ಪ್ರೊಮಜೀನ್ ಎಂಬ ಹಳೆಯ ಔಷಧ ಪಡೆದವರಲ್ಲಿ ಶೇ. 4 ಮಂದಿಗೆ ಗುಣ ಕಂಡರೆ ಕ್ಲೋಜಪಿನ್ ಪಡೆದವರಲ್ಲಿ ಶೇ. 30 ಮಂದಿಗೆ ಕಂಡಿತು. ಮರುವರ್ಷ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು, ರಕ್ತಪರೀಕ್ಷೆಯ ಷರತ್ತಿನ ಮೇಲೆ. ಆತ್ಮಹತ್ಯೆಯ ಅಪಾಯವನ್ನು ಇಳಿಸುವ ಔಷಧವೆಂದು ಅಲ್ಲಿ ಪ್ರತ್ಯೇಕ ಮಾನ್ಯತೆ ಪಡೆದಿರುವ ಆಂಟಿಸೈಕೋಟಿಕ್ (ಈ ಬಗೆಯ ಮನೋರೋಗದ ಔಷಧ) ಕೂಡ ಇದೊಂದೇ. ಶೇ. 30 ಎಂಬುದು ದೊಡ್ಡ ಸಂಖ್ಯೆಯಲ್ಲ. ಆದರೆ ಎರಡು ಪ್ರಯೋಗಗಳು ಸರಿಯಾಗಿ ನಡೆದು ವಿಫಲವಾದ ಮೇಲೆ ಮೂರನೆಯ ಸಾಮಾನ್ಯ ಔಷಧದಿಂದ ಗುಣ ಕಾಣುವ ಸಾಧ್ಯತೆ ಅದಕ್ಕಿಂತ ಬಹಳ ಕೆಳಗಿದೆ. ಬಿಳಿರಕ್ತಕಣ ಅಪಾಯಕಾರಿಯಾಗಿ ಕುಸಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ, ಅದರಲ್ಲೂ ಹೆಚ್ಚಿನದು ಮೊದಲ 18 ವಾರಗಳೊಳಗೆ. ಅದಕ್ಕೇ ಆ ಅವಧಿಯಲ್ಲಿ ವಾರವಾರವೂ ರಕ್ತ ಕೊಡಬೇಕು, ಆಮೇಲೆ ಅಂತರ ಹೆಚ್ಚುತ್ತ ಹೋಗುತ್ತದೆ. ಈ ನಿಯಮ ದೇಶದಿಂದ ದೇಶಕ್ಕೆ ಬೇರೆ, ಈಚೆಗೆ ಕೆಲವೆಡೆ ಸಡಿಲವೂ ಆಗಿದೆ. ಅಂಕಿಗಳನ್ನೆಲ್ಲ ಕೇಳಿಸಿಕೊಂಡ ತಮ್ಮ ಒಂದೇ ಪ್ರಶ್ನೆ ಕೇಳಿದ: “ಇದರಲ್ಲಿ ಕಾಲು ಓಡುತ್ತಾ?” ಓಡುವ ಸಂಭವ ಇದರಲ್ಲಿ ಉಳಿದವುಗಳಿಗಿಂತ ಬಹಳ ಕಡಿಮೆ ಎಂದಾಗ ಒಪ್ಪಿಗೆಯ ಕಾಗದಕ್ಕೆ ತಾನೇ ಸಹಿ ಹಾಕಿದ.

ಮೊದಲ ರಾತ್ರಿ 12.5 ಮಿಲಿಗ್ರಾಂ, ಅಂದರೆ 25ರ ಮಾತ್ರೆಯ ಅರ್ಧ. ಅಷ್ಟು ಸಣ್ಣ ಚೂರಿಗೆ ಅಷ್ಟು ಕಾವಲು ಇರಬಹುದೆಂದು ನಾನು ಊಹಿಸಿರಲಿಲ್ಲ: ಮಲಗಿದಾಗಿನ ರಕ್ತದೊತ್ತಡ, ಎದ್ದು ನಿಂತಾಗಿನ ರಕ್ತದೊತ್ತಡ, ನಾಡಿ, ಜ್ವರ, ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ಹೃದಯದ ಇಸಿಜಿ. ವೇಗವಾಗಿ ಏರಿಸಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು, ಫಿಟ್ಸ್ ಬರಬಹುದು, ಹೃದಯದ ಸ್ನಾಯು ಉರಿಯೂತಕ್ಕೆ ಒಳಗಾಗಬಹುದು. ಉರಿಯೂತದ ಅಪಾಯ ಹೆಚ್ಚಾಗಿರುವುದು ಮೊದಲ ನಾಲ್ಕು ವಾರ. ಮೂರನೆಯ ವಾರದ ಒಂದು ಸಂಜೆ ಅವನಿಗೆ ಮೈ ಬಿಸಿಯಾಗಿ ನಾಡಿ 118 ಆಗಿದ್ದಾಗ ಹೃದಯದ ಸ್ನಾಯುವಿನ ಹಾನಿಯನ್ನು ತೋರಿಸುವ ಟ್ರೊಪೊನಿನ್ ಮತ್ತು ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆಗಳ ಫಲಿತಾಂಶ ಬರುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದನ್ನು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಟ್ರೊಪೊನಿನ್ ಸರಿಯಾಗಿತ್ತು. ಶುರುವಿನ ವಾರಗಳಲ್ಲಿ ಸುಮ್ಮನೆ ಬಂದು ಹೋಗುವ ಜ್ವರವೂ ಉಂಟಂತೆ, ಅದು ಅದೇ ಆಗಿತ್ತು. ಆದರೆ ಪರೀಕ್ಷೆ ಮಾಡದೆ ಅದನ್ನು ಅದೆಂದು ಹೇಳುವವರು ಯಾರೂ ಇಲ್ಲ.

ಜೊಲ್ಲಿನ ಬಗ್ಗೆ ಯಾರೂ ನಮಗೆ ಸಾಕಷ್ಟು ಹೇಳಿರಲಿಲ್ಲ. ರಾತ್ರಿ ಸುರಿಯುವ ಜೊಲ್ಲಿಗೆ ದಿಂಬಿನ ಮೇಲೆ ನಾಲ್ಕು ಮಡಿಕೆಯ ಟವೆಲ್ ಹಾಸಿದರೂ ಬೆಳಗ್ಗೆ ಅದನ್ನು ಹಿಂಡಬಹುದಾಗಿತ್ತು. ಕೆಮ್ಮಿ ಎದ್ದು ಕೂತು ಅವನು ಬೇಸರದಿಂದ ಗೋಡೆ ನೋಡುತ್ತಿದ್ದ. ಪಕ್ಕಕ್ಕೆ ತಿರುಗಿ ಮಲಗುವುದು, ತಲೆಯ ಕಡೆ ಎತ್ತರಿಸುವುದು ಎಂಬ ಸರಳ ಉಪಾಯಗಳಿಂದ ಅರ್ಧ ಹತೋಟಿಗೆ ಬಂತು, ಉಳಿದರ್ಧಕ್ಕೆ ಅವನು ಒಗ್ಗಿಕೊಂಡ. ಟವೆಲ್ಲುಗಳನ್ನು ತಾನೇ ಒಗೆಯುತ್ತೇನೆ ಎಂದು ಹಟ ಹಿಡಿದ.

ನಾನು ಮಾಡಿದ ದೊಡ್ಡ ತಪ್ಪು ಬೇರೆ ಇದೆ. ನನ್ನ ಮೂರು ಅಂಕಣಗಳಲ್ಲಿ ಮನೋರೋಗದ ಔಷಧಗಳಿಗೆ ಮಾತ್ರ ಜಾಗವಿತ್ತು. ಆರು ವರ್ಷದ ಹಿಂದೆ ನಡುಕಕ್ಕೆಂದು ಸೇರಿದ್ದ ಟ್ರೈಹೆಕ್ಸಿಫೆನಿಡಿಲ್ ಒಂದು ಚೀಟಿಯಿಂದ ಇನ್ನೊಂದು ಚೀಟಿಗೆ ದಾಟುತ್ತ ಬಂದು, ಆ ನಡುಕ ಹೋಗಿ ಎಷ್ಟೋ ಕಾಲವಾದ ಮೇಲೂ, ಬೆಳಗಿನ ಡಬ್ಬಿಯಲ್ಲಿ ತಣ್ಣಗೆ ಕೂತಿತ್ತು. ಅದು ಪಕ್ಕದ ಮಾತ್ರೆ, ಲೆಕ್ಕಕ್ಕಿಲ್ಲ ಎಂದು ನಾನು ಅದನ್ನು ಬರೆದೇ ಇರಲಿಲ್ಲ, ಮನೋವೈದ್ಯೆಗೆ ಹೇಳಿಯೂ ಇರಲಿಲ್ಲ. ಕ್ಲೋಜಪಿನ್ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ, ಟ್ರೈಹೆಕ್ಸಿಫೆನಿಡಿಲ್ ಕೂಡ ಅದನ್ನೇ ಮಾಡುತ್ತದೆ. ಐದನೆಯ ತಿಂಗಳಲ್ಲಿ ಅವನಿಗೆ ನಾಲ್ಕು ದಿನ ಮಲವಿಸರ್ಜನೆ ಆಗಲಿಲ್ಲ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಐದನೆಯ ದಿನ ಹೊಟ್ಟೆ ತಮಟೆಯಂತೆ ಬಿಗಿದು ವಾಂತಿ ಶುರುವಾಯಿತು. ತುರ್ತು ವಿಭಾಗದಲ್ಲಿ ಇದ್ದವರು ಮೊದಲು ವಾಯು ಎಂದು ಕಳುಹಿಸಲು ನೋಡಿದರು. ಕ್ಲೋಜಪಿನ್ ತೆಗೆದುಕೊಳ್ಳುತ್ತಿದ್ದಾನೆ, ಎಕ್ಸ್‌ರೇ ಆಗದೆ ಹೋಗುವುದಿಲ್ಲ ಎಂದು ನಾನು ಬಾಗಿಲಲ್ಲಿ ನಿಂತೆ. ಎಕ್ಸ್‌ರೇಯಲ್ಲಿ ಕರುಳು ಉಬ್ಬಿಕೊಂಡಿತ್ತು. ಶಸ್ತ್ರಚಿಕಿತ್ಸೆಯವರೆಗೆ ಹೋಗದೆ ಐದು ದಿನದಲ್ಲಿ ಸರಿಹೋಯಿತೆಂಬುದು ನಮ್ಮ ಪುಣ್ಯ. ನಾವೆಲ್ಲ ಬಿಳಿರಕ್ತಕಣದ ಭಯದಲ್ಲಿ ವಾರವಾರ ರಕ್ತ ಕೊಡುತ್ತಿರುವಾಗ, ಈ ಔಷಧದ ಜೊತೆಗಿನ ಮಲಬದ್ಧತೆ ಪ್ರಾಣಕ್ಕೆ ಎರವಾಗುವುದು ರಕ್ತಕಣದ ಕುಸಿತಕ್ಕಿಂತ ಕಡಿಮೆಯೇನೂ ಅಲ್ಲ ಎಂಬ ಮಾತು ನನಗೆ ಗೊತ್ತಾದದ್ದು ಆ ವಾರ್ಡಿನಲ್ಲಿ. ಟ್ರೈಹೆಕ್ಸಿಫೆನಿಡಿಲ್ ಅನ್ನು ವೈದ್ಯರು ಹಂತಹಂತವಾಗಿ ನಿಲ್ಲಿಸಿದರು, ಮಲ ಸಡಿಲಗೊಳಿಸುವ ಔಷಧ ಕಾಯಂ ಆಯಿತು. ನಮ್ಮಲ್ಲಿ ಈಗ ದಿನವೂ ಬೆಳಗ್ಗೆ ಸಂಕೋಚವಿಲ್ಲದೆ ಕೇಳುವ ಮೊದಲ ಪ್ರಶ್ನೆ ಅದೇ.

ಅದೇ ಐದು ದಿನಗಳು ಇನ್ನೊಂದು ಪಾಠವನ್ನೂ ಕಲಿಸಿದವು. ವಾರ್ಡಿನಲ್ಲಿ ಸಿಗರೇಟು ಸೇದುವ ಹಾಗಿರಲಿಲ್ಲ. ದಿನಕ್ಕೆ ಒಂದು ಪ್ಯಾಕೆಟ್ ಸೇದುತ್ತಿದ್ದವನು ಒಮ್ಮೆಲೇ ನಿಲ್ಲಿಸಿದ. ಮೂರನೆಯ ದಿನಕ್ಕೆ ಕರೆದರೆ ಕಣ್ಣು ಬಿಡದಷ್ಟು ಮಂಪರು, ತೋಳುಗಳಲ್ಲಿ ಆಗಾಗ ಜಗ್ಗಿದಂಥ ಎಳೆತ. ಹೊಗೆಯಲ್ಲಿರುವ ಟಾರಿನ ಅಂಶಗಳು ಕ್ಲೋಜಪಿನ್ ಅನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸುತ್ತವೆ; ಸೇದುವುದು ನಿಂತರೆ ಕಿಣ್ವ ಕೆಲವೇ ದಿನಗಳಲ್ಲಿ ನಿಧಾನವಾಗಿ, ಅದೇ ಡೋಸಿಗೆ ರಕ್ತದಲ್ಲಿನ ಔಷಧದ ಮಟ್ಟ ಒಂದೂವರೆ ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚು ಏರುತ್ತದೆ. ಇದು ನಿಕೋಟಿನ್‌ನ ಕೆಲಸವಲ್ಲವಾದ್ದರಿಂದ ನಿಕೋಟಿನ್ ಗಮ್ ಅಗಿದರೂ ಈ ಏರಿಕೆ ತಪ್ಪುವುದಿಲ್ಲ. ಸೋಂಕು, ಉರಿಯೂತಗಳೂ ಮಟ್ಟವನ್ನು ಏರಿಸುತ್ತವೆ. ಕಾಫಿ ಅತಿಯಾದರೂ ಅಷ್ಟೇ. ದಾಖಲಾಗುವ ಮೊದಲು 450 ಮಿಲಿಗ್ರಾಂನಲ್ಲಿ ಅವನ ರಕ್ತದ ಮಟ್ಟ ಮಿಲಿಲೀಟರಿಗೆ 410 ನ್ಯಾನೋಗ್ರಾಂ ಇತ್ತು, 350ರ ಮೇಲಿದ್ದರೆ ಗುಣ ಕಾಣುವ ಸಾಧ್ಯತೆ ಹೆಚ್ಚು ಎನ್ನುವುದರಿಂದ ನಾವು ಅದೇ ಡೋಸಿನಲ್ಲಿ ನಿಂತಿದ್ದೆವು. ವಾರ್ಡಿನಲ್ಲಿ ಅದು 900 ದಾಟಿತ್ತು. ಡೋಸ್ ಇಳಿಸಿದರು. ಮನೆಗೆ ಬಂದು ಅವನು ಮತ್ತೆ ಸೇದಲು ಶುರುಮಾಡಿದಾಗ ಈ ಲೆಕ್ಕ ತಿರುಗಾಮುರುಗಾ ಆಯಿತು. ಆದ್ದರಿಂದ ನೋಟುಬುಕ್ಕಿನಲ್ಲಿ ಸಿಗರೇಟಿಗೂ ಒಂದು ಜಾಗ ಬಂತು. ಸೇದಬೇಡ ಎಂದು ಉಪದೇಶ ಮಾಡುವುದನ್ನು ಬಿಟ್ಟು, ಎಷ್ಟು ಸೇದಿದೆ ಎಂದು ಮಾತ್ರ ಕೇಳುವುದನ್ನು ನಾನು ಕಲಿತೆ. ಬಿಡುವುದಾದರೆ ವೈದ್ಯರಿಗೆ ಹೇಳಿ ಡೋಸ್ ಹೊಂದಿಸಿಕೊಂಡೇ ಬಿಡಬೇಕು. ಹಾಗೆಯೇ ಎರಡು ದಿನ ಮಾತ್ರೆ ತಪ್ಪಿದರೆ ಬಿಟ್ಟ ಡೋಸಿನಿಂದ ಮುಂದುವರಿಸುವಂತಿಲ್ಲ, ಮತ್ತೆ 12.5ರಿಂದ ಹತ್ತಬೇಕು. ಒಮ್ಮೆ ಹತ್ತಿದ್ದೇವೆ.

ಗುಣ ಯಾವಾಗ ಕಂಡಿತು ಎಂದು ಕೇಳುವವರಿಗೆ ನಾನು ಹೇಳುವ ದಿನ ಪರೀಕ್ಷೆಯ ದಿನವಲ್ಲ. ಹನ್ನೊಂದನೆಯ ವಾರದ ಒಂದು ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದಾಗ ಅವನು ಬಂದು ಪಕ್ಕದಲ್ಲಿ ಕೂತು, ಒಂದು ಅಂಗಿಯನ್ನು ತೆಗೆದು ಮಡಿಸಿ, “ಆ ಗಂಡಸಿನ ದನಿ ಇದೆಯಲ್ಲ, ಅದು ಇವತ್ತು ಪಕ್ಕದ ಕೋಣೆಯಿಂದ ಕೇಳಿಸಿದ ಹಾಗಿತ್ತು. ಏನು ಅಂತಿದೆ ಅಂತ ಗೊತ್ತಾಗಲಿಲ್ಲ. ನಾನೂ ಎದ್ದು ಹೋಗಿ ಕೇಳಲಿಲ್ಲ” ಎಂದ. ಆರು ತಿಂಗಳಿಗೆ ಅಂಕ 71. ಮೂವತ್ತನ್ನು ಕಳೆದು ಲೆಕ್ಕ ಹಾಕಿದರೆ ಶೇ. 45ರ ಹತ್ತಿರ. ದನಿ ನಿಂತಿಲ್ಲ. ತನ್ನನ್ನು ಯಾರೋ ಹಿಂಬಾಲಿಸುತ್ತಾರೆಂಬ ನಂಬಿಕೆ ತೆಳುವಾಗಿದೆ, ಪೂರ್ತಿ ಹೋಗಿಲ್ಲ. ಮಾತು, ಆಸಕ್ತಿ, ಮುಖದ ಕಳೆ ಇವು ಅಷ್ಟಾಗಿ ಮರಳಿಲ್ಲ. ಈ ಬಗೆಯ ಲಕ್ಷಣಗಳ ಮೇಲೆ ಈಗಿರುವ ಯಾವ ಔಷಧದ ಹಿಡಿತವೂ ಬಿಗಿಯಾಗಿಲ್ಲ. ಹಿಂದೆ ನಾವು ಅದನ್ನು ಸೋಮಾರಿತನ ಎಂದು ಬೈದಿದ್ದೇವೆ, ಅದನ್ನು ಅವನು ಮರೆತಿಲ್ಲ.

ಕ್ಲೋಜಪಿನ್‌ನಿಂದ ಅರ್ಧ ಗುಣವಾದವರಿಗೆ ಮುಂದೇನು ಎಂಬಲ್ಲಿ ದಾರಿ ಕಿರಿದಾಗುತ್ತದೆ. ಮೊದಲು ನೋಡಬೇಕಾದದ್ದು ರಕ್ತದ ಮಟ್ಟ ಸಾಕಷ್ಟಿದೆಯೇ ಎಂದು. ಕೊನೆಯ ಡೋಸ್ ಆಗಿ ಹನ್ನೆರಡು ಗಂಟೆಗೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ತೆಗೆಯಬೇಕು, ಇಲ್ಲವಾದರೆ ಅಂಕಿಗೆ ಅರ್ಥವಿಲ್ಲ. ಆಮೇಲೆ ಇನ್ನೊಂದು ಔಷಧವನ್ನು ಜೊತೆಗಿಡುವುದು. ಇದಕ್ಕೆ ಇರುವ ಪುರಾವೆ ಬಲವಾದದ್ದಲ್ಲ ಎಂದು ಮನೋವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು. ವಿದ್ಯುತ್ ಚಿಕಿತ್ಸೆಯ ವಿಷಯವೂ ಬಂತು. 2015ರಲ್ಲಿ ಪ್ರಕಟವಾದ, 39 ಜನರ ಒಂದು ಸಣ್ಣ ಅಧ್ಯಯನದಲ್ಲಿ ಕ್ಲೋಜಪಿನ್ ಜೊತೆ ಇಸಿಟಿ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ ಗುಣ ಕಂಡಿತು, ಬರೀ ಕ್ಲೋಜಪಿನ್ ಮುಂದುವರಿಸಿದವರಲ್ಲಿ ಒಬ್ಬರಿಗೂ ಕಾಣಲಿಲ್ಲ. ನಾನು ಆ ಅಂಕಿಗೆ ಮನಸೋತೆ. ತಮ್ಮ ಎರಡು ವಾರ ಯೋಚಿಸಿ ಈಗ ಬೇಡ ಎಂದ. ಹಿಂದಿನ ನಾನಾಗಿದ್ದರೆ ಒತ್ತಾಯಿಸುತ್ತಿದ್ದೆ. ಅದರ ಬದಲು ಅರಿಪಿಪ್ರಜೋಲ್ ಅನ್ನು ಸಣ್ಣ ಡೋಸಿನಲ್ಲಿ ಸೇರಿಸಿ ನೋಡುವುದೆಂದಾಯಿತು, ತೂಕಕ್ಕೆ ಅದರಿಂದ ಸ್ವಲ್ಪ ಸಹಾಯವಾಗಬಹುದೆಂಬ ಲೆಕ್ಕವೂ ಅದರಲ್ಲಿತ್ತು. ಕಾಲು ಓಡಿದರೆ ಆ ಕ್ಷಣವೇ ಹೇಳಬೇಕು, ಹೇಳಿದರೆ ನಿಲ್ಲಿಸುತ್ತೇವೆ, ಯಾರೂ ಬೈಯುವುದಿಲ್ಲ ಎಂಬ ಒಪ್ಪಂದವನ್ನು ಮನೋವೈದ್ಯೆ ಅವನ ಎದುರಿಗೇ ಚೀಟಿಯಲ್ಲಿ ಬರೆದರು. ದನಿಯ ಜೊತೆ ಬದುಕುವುದನ್ನು ಕಲಿಸುವ ಮನಶ್ಶಾಸ್ತ್ರಜ್ಞರ ಭೇಟಿಯೂ ವಾರಕ್ಕೊಮ್ಮೆ ನಡೆದಿದೆ.

ಕ್ಲೋಜಪಿನ್ ಶುರುವಾಗಿ ಎರಡು ವರ್ಷವಾಗುತ್ತ ಬಂತು. ರಕ್ತಪರೀಕ್ಷೆ ಈಗ ತಿಂಗಳಿಗೊಮ್ಮೆ. ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣದ ಸಂಖ್ಯೆ ಒಮ್ಮೆ 1,700ಕ್ಕೆ ಇಳಿದು ನನ್ನ ನಿದ್ರೆ ಕೆಡಿಸಿತು, ಮರುವಾರ ಏರಿತು. ಆರು ವರ್ಷ ತಡವಾಯಿತಲ್ಲ ಎಂಬ ಕೊರಗು ನನ್ನಲ್ಲಿ ಇದ್ದೇ ಇದೆ. ಹೀಗೆ ವರ್ಷಗಟ್ಟಲೆ ತಡವಾಗಿ ಕ್ಲೋಜಪಿನ್ ಸಿಗುವುದು ಎಲ್ಲೆಡೆ ಸಾಮಾನ್ಯ ಎಂದು ತಿಳಿದರೂ ಅದು ಇಳಿಯುವುದಿಲ್ಲ. ನೋಟುಬುಕ್ಕು ಈಗ ಅವನ ಬಳಿಯೇ ಇರುತ್ತದೆ, ಬರೆಯುವುದೂ ಅವನೇ. ಕಳೆದ ತಿಂಗಳು ತೆರೆದು ನೋಡಿದಾಗ ನನ್ನ ಅಂಕಣಗಳ ಪಕ್ಕದಲ್ಲಿ ಅವನು ಸ್ಕೇಲು ಇಟ್ಟು ಇನ್ನೊಂದು ಗೆರೆ ಎಳೆದಿದ್ದ. ಮೇಲೆ ‘ದನಿ ಎಷ್ಟು ದೂರ’ ಎಂದು ಬರೆದಿತ್ತು. ಕೆಳಗೆ ತಾರೀಖುಗಳ ಎದುರು: ಪಕ್ಕದ ಕೋಣೆ, ಪಕ್ಕದ ಕೋಣೆ, ಬೀದಿ, ಇಲ್ಲೇ, ಬೀದಿ.